ದಾವಣಗೆರೆಯಲ್ಲಿ ಮೊದಲ ಸಲ ಮನೆ ಬಾಡಿಗೆಗೆ ಕೊಡುತ್ತಿದ್ದೇನೆ, ಏನೇನು ನೋಡಿಕೊಳ್ಳಬೇಕು?

ವಿದ್ಯಾನಗರ ಟೀಚರ್

ಎಲ್ಲರಿಗೂ ನಮಸ್ಕಾರ. ವಿದ್ಯಾನಗರದಲ್ಲಿ ನಮ್ಮದೊಂದು ಮನೆ ಇದೆ. ಕೆಳಗೆ ಎರಡು ಬೆಡ್‌ರೂಮ್, ಮೇಲೆ ಒಂದು ರೂಮು, ಬಾತ್‌ರೂಮು. ನನಗೆ ಚಿತ್ರದುರ್ಗಕ್ಕೆ ವರ್ಗ ಆಗಿದೆ, ಮಗಳ ಸ್ಕೂಲೂ ಅಲ್ಲೇ ನೋಡಿದ್ದೇವೆ. ಮನೆ ಮೇಲೆ ಬ್ಯಾಂಕ್ ಸಾಲ ಇನ್ನೂ ಇದೆ, ಖಾಲಿ ಬಿಡುವ ಹಾಗಿಲ್ಲ.

ಬೋರ್ಡ್ ಹಾಕಿದ ಮೇಲೆ ಮೂರು ಕಡೆಯವರು ಬಂದು ನೋಡಿ ಹೋಗಿದ್ದಾರೆ. ಒಬ್ಬರು ಬ್ಯಾಂಕ್ ನೌಕರರು, ಗಂಡ ಹೆಂಡತಿ, ಎರಡು ಮಕ್ಕಳು. ಇನ್ನೊಂದು ಇಂಜಿನಿಯರಿಂಗ್ ಓದುವ ನಾಲ್ಕು ಹುಡುಗರು. ಮತ್ತೊಬ್ಬರು ಮುಂದಿನ ರೂಮಿನಲ್ಲಿ ಟೈಲರಿಂಗ್ ಇಟ್ಟುಕೊಂಡು ಹಿಂದೆ ವಾಸ ಮಾಡುತ್ತೇವೆ ಅಂದರು. ಕೆಳಗಿನ ಮನೆಗೆ ಬಾಡಿಗೆ 9,000, ಅಡ್ವಾನ್ಸ್ 50,000 ಹೇಳಿದ್ದೇನೆ. ಮೇಲಿನ ರೂಮು ನಮಗೇ ಇರಲಿ, ರಜೆಗೆ ಬಂದಾಗ ಬೇಕಾಗುತ್ತೆ ಅಂತ ಯೋಚನೆ. ಆದರೆ ಕರೆಂಟ್ ಮೀಟರ್ ಎರಡಕ್ಕೂ ಸೇರಿ ಒಂದೇ.

ಯಾರಿಗೆ ಕೊಡಲಿ, ಕಾಗದಪತ್ರ ಏನು ಮಾಡಿಸಲಿ, ಏನೇನು ಮುಂಚೆಯೇ ಮಾತಾಡಿಕೊಳ್ಳಬೇಕು? ಅನುಭವ ಇರುವವರು ದಯವಿಟ್ಟು ಬಿಡಿಸಿ ಹೇಳಿ. ಯಜಮಾನರು ದುಬೈನಲ್ಲಿ ಕೆಲಸದಲ್ಲಿದ್ದಾರೆ, ಓಡಾಟ ಎಲ್ಲ ನನ್ನದೇ.

ಬಿ ಬ್ಲಾಕ್ ಹಳಬ

ಮೇಡಂ, ನಾನು ಎಂ.ಸಿ.ಸಿ. ಬಿ ಬ್ಲಾಕಿನವನು. ಕೆಳಗೆ ನಾವು, ಮೇಲೆ ಎರಡು ಮನೆ ಬಾಡಿಗೆಗೆ. ಮಗ ಸ್ಕೂಲಿಗೆ ಹೋಗುವ ಕಾಲದಿಂದ ಕೊಡುತ್ತಾ ಬಂದಿದ್ದೇನೆ, ಈಗ ಮೊಮ್ಮಗ ಸ್ಕೂಲಿಗೆ ಹೋಗುತ್ತಾನೆ.

ಮೊದಲು ಒಂದು ಮಾತು. ಜಗಳ ಆಗುವುದು ಬಾಡಿಗೆಗೆ ಬರುವ ದಿನ ಅಲ್ಲ, ಖಾಲಿ ಮಾಡುವ ದಿನ. ಬರುವ ದಿನ ಹಾಲು ಉಕ್ಕಿಸುತ್ತಾರೆ, ನಮ್ಮನ್ನೂ ಊಟಕ್ಕೆ ಕರೆಯುತ್ತಾರೆ, ಎಲ್ಲರೂ ಒಳ್ಳೆಯವರೇ. ಹೋಗುವ ದಿನ ಲಾರಿಗೆ ಸಾಮಾನು ತುಂಬಿ ನಿಂತಿರುತ್ತೆ, ಡ್ರೈವರ್ ಹಾರನ್ ಹೊಡೆಯುತ್ತಿರುತ್ತಾನೆ, ಆಗ ಶುರು ಆಗುತ್ತೆ, ಈ ಗೋಡೆ ಮೊದಲೇ ಹೀಗಿತ್ತು, ಇಲ್ಲ ನೀವೇ ಮಾಡಿದ್ದು, ಬಣ್ಣಕ್ಕೆ ಇಷ್ಟು ಹಿಡಿಯುತ್ತೇನೆ, ಕರೆಂಟ್ ಬಿಲ್ ಬಾಕಿ ಇದೆ ಅಂತ. ಆ ದಿನ ಏನೇನು ಮಾತು ಬರುತ್ತೋ ಅದನ್ನೆಲ್ಲ ಕೀಲಿ ಕೊಡುವ ದಿನವೇ ಮಾತಾಡಿ, ಬರೆದು, ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳಿ. ಉಳಿದಿದ್ದೆಲ್ಲ ಆಮೇಲೆ.

ಅದಕ್ಕಿಂತ ದೊಡ್ಡದು ಅಡ್ವಾನ್ಸ್. ಆ 50,000 ನಿಮ್ಮ ದುಡ್ಡಲ್ಲ. ಅದು ಅವರ ದುಡ್ಡು, ನಿಮ್ಮ ಹತ್ತಿರ ಇರುತ್ತೆ ಅಷ್ಟೇ. ನಮ್ಮ ಬೀದಿಯಲ್ಲೇ ನೋಡಿದ್ದೇನೆ, ಅಡ್ವಾನ್ಸ್ ಬಂದ ವಾರವೇ ಗ್ರಿಲ್ ಮಾಡಿಸಿದರು, ಕಾಂಪೌಂಡ್ ಕಟ್ಟಿಸಿದರು, ಮಗಳಿಗೆ ಬಳೆ ಮಾಡಿಸಿದರು. ಬಾಡಿಗೆದಾರ ಖಾಲಿ ಮಾಡುತ್ತೇನೆ ಅಂದಾಗ ಕೈಯಲ್ಲಿ ದುಡ್ಡಿಲ್ಲ. ಹೊಸಬರು ಬಂದು ಅಡ್ವಾನ್ಸ್ ಕೊಡುವವರೆಗೆ ತಡೀರಿ ಅನ್ನುತ್ತಾರೆ. ಆ ಮನುಷ್ಯ ಹೊಸ ಮನೆಗೆ ಅಡ್ವಾನ್ಸ್ ಎಲ್ಲಿಂದ ತರಬೇಕು? ಸಾಲ ಮಾಡುತ್ತಾನೆ. ಇದು ತಪ್ಪು ಮೇಡಂ, ಪೂರ್ತಿ ತಪ್ಪು. ಅಡ್ವಾನ್ಸ್ ಬಂದ ದಿನವೇ ಬ್ಯಾಂಕಿನಲ್ಲಿ ಎಫ್.ಡಿ. ಮಾಡಿ ಮರೆತುಬಿಡಿ. ಬಡ್ಡಿ ಬೇಕಾದರೆ ನೀವೇ ಇಟ್ಟುಕೊಳ್ಳಿ, ಅಸಲಿಗೆ ಕೈ ಹಾಕಬೇಡಿ.

ಇನ್ನು ಬಾಡಿಗೆ. 10,000 ಬಂದರೆ ಮಾತ್ರ ಕೊಡುತ್ತೇನೆ ಅಂತ ಕೆಲವರು ಎರಡು ತಿಂಗಳು ಬೀಗ ಹಾಕಿ ಕೂರುತ್ತಾರೆ. ಎರಡು ತಿಂಗಳಿಗೆ 18,000 ಹೋಯಿತು. ತಿಂಗಳಿಗೆ 1,000 ಜಾಸ್ತಿ ಬಂದರೂ ಅದು ವಾಪಸ್ ಬರುವುದಕ್ಕೆ ಒಂದೂವರೆ ವರ್ಷ ಬೇಕು. ಒಳ್ಳೆ ಜನ ಸಿಕ್ಕರೆ 500 ಬಿಟ್ಟು ಕೊಡಿ.

ನಿಟುವಳ್ಳಿ ನಲ್ಲಿ ಕೆಲಸ

ಅಕ್ಕಾ, ನಾನು ಪ್ಲಂಬರ್. ಕೀಲಿ ಕೊಡುವ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ಮನೇಲಿ ಇದ್ದು ಇಷ್ಟು ನೋಡಿ.

ಎಲ್ಲ ನಲ್ಲಿ ಒಟ್ಟಿಗೆ ಬಿಡಿ. ಬಾತ್‌ರೂಮಿನ ನೀರು ಎಷ್ಟು ಹೊತ್ತಿಗೆ ಇಳಿಯುತ್ತೆ ನೋಡಿ. ನಿಧಾನ ಆದರೆ ಟ್ರ್ಯಾಪಿನಲ್ಲಿ ಕೂದಲು ಕಟ್ಟಿದೆ, ಇಲ್ಲಾ ಹೊರಗಿನ ಚೇಂಬರ್ ತುಂಬಿದೆ. ಚೇಂಬರ್ ಮುಚ್ಚಳ ಎಲ್ಲಿದೆ ಅಂತ ನಿಮಗೆ ಗೊತ್ತಿರಲಿ. ಎಷ್ಟೋ ಮನೆಯಲ್ಲಿ ಅದರ ಮೇಲೆ ಟೈಲ್ಸ್ ಹಾಕಿಬಿಟ್ಟಿರುತ್ತಾರೆ, ಕಟ್ಟಿಕೊಂಡಾಗ ಅಂಗಳ ಒಡೆಯಬೇಕು.

ಕಮೋಡ್ ಫ್ಲಶ್ ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಹಾಕಿ ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೇ ಕೆಳಗೆ ನೀಲಿ ಬಂದರೆ ಒಳಗೆ ಸೋರುತ್ತಿದೆ ಅಂತ ಅರ್ಥ. ರಬ್ಬರ್ ಹಾಕಿಸಿದರೆ ಮುಗೀತು. ಹಾಕಿಸದೇ ಬಿಟ್ಟರೆ ರಾತ್ರಿಯೆಲ್ಲ ಓವರ್‌ಹೆಡ್ ಟ್ಯಾಂಕ್ ಖಾಲಿ ಆಗುತ್ತೆ, ಬೆಳಿಗ್ಗೆ ನಿಮಗೆ ಫೋನ್ ಬರುತ್ತೆ.

ಸಂಪ್ ತೊಳೆಸಿ. ಸಂಪಿನ ಮುಚ್ಚಳ ಗಟ್ಟಿ ಇದೆಯಾ ನೋಡಿ. ಮಕ್ಕಳು ಇರುವ ಮನೆಗೆ ಕೊಡುವುದಾದರೆ ಅದಕ್ಕೆ ಬೀಗ ಹಾಕುವ ಹಾಗೆ ಮಾಡಿಸಲೇಬೇಕು, ಇದರಲ್ಲಿ ಮಾತೇ ಇಲ್ಲ. ಮೋಟಾರಿಗೆ ನೀರಿಲ್ಲದೆ ಓಡಿದರೆ ಕಾಯಿಲ್ ಸುಡುತ್ತೆ, ಸಂಪಿನಲ್ಲಿ ನೀರು ನೋಡಿ ಹಾಕಿ ಅಂತ ಬಾಡಿಗೆಯವರಿಗೆ ತೋರಿಸಿಕೊಡಿ. ಬೋರ್ ನೀರು ಇದ್ದರೆ ಉಪ್ಪು ಕಟ್ಟಿ ಶವರ್, ನಲ್ಲಿ ಎಲ್ಲ ಮುಚ್ಚಿಕೊಳ್ಳುತ್ತೆ, ಅದು ಅವರ ತಪ್ಪಲ್ಲ.

ಮಳೆಗಾಲಕ್ಕೆ ಮುಂಚೆ ತಾರಸಿ ನೀರು ಹೋಗುವ ತೂತು ಬಿಡಿಸಿ. ಒಣ ಎಲೆ, ಹಾಲಿನ ಪ್ಯಾಕೆಟ್ ಸಿಕ್ಕಿಕೊಂಡು ನೀರು ನಿಂತರೆ ಸೀಲಿಂಗ್ ಸೋರುತ್ತೆ. ಮತ್ತೆ ನಮ್ಮಂಥವರ ನಂಬರ್, ಒಬ್ಬ ಎಲೆಕ್ಟ್ರಿಷಿಯನ್ ನಂಬರ್, ಎರಡೂ ಬಾಡಿಗೆಯವರಿಗೆ ಕೊಟ್ಟಿರಿ. 500 ರೂಪಾಯಿ ಒಳಗಿನ ರಿಪೇರಿ ನನಗೆ ಕೇಳದೆ ಮಾಡಿಸಿ, ರಸೀದಿ ಕಳಿಸಿ ಅಂತ ಹೇಳಿಬಿಡಿ. ನೀವು ದುರ್ಗದಲ್ಲಿ ಕೂತು ವಾಷರ್ ಬದಲಾಯಿಸುವುದಕ್ಕೆ ಒಪ್ಪಿಗೆ ಕೊಡುವ ಹೊತ್ತಿಗೆ ಇಲ್ಲಿ ನೀರೆಲ್ಲ ಚರಂಡಿಗೆ ಹೋಗಿರುತ್ತೆ.

ಕೆ.ಟಿ.ಜೆ. ನಗರ ಬಾಡಿಗೆದಾರ

ಬಾಡಿಗೆ ಮನೆಯಲ್ಲೇ ಹುಟ್ಟಿ ಬೆಳೆದವನು ನಾನು. ಹಾಗಾಗಿ ಆ ಕಡೆಯಿಂದ ಎರಡು ಮಾತು.

ಬಿ ಬ್ಲಾಕ್ ಯಜಮಾನ್ರು ಹೇಳಿದ ಅಡ್ವಾನ್ಸ್ ಮಾತು ನೂರಕ್ಕೆ ನೂರು ನಿಜ. ಹಿಂದಿನ ಮನೆ ಬಿಟ್ಟಾಗ ನಮ್ಮ ಅಡ್ವಾನ್ಸಿಗೆ ಓನರ್ ಮನೆ ಬಾಗಿಲಿಗೆ ಅಲೆದು ಅಲೆದು ಸಾಕಾಯಿತು. ನಾಳೆ ಬನ್ನಿ, ಅಮಾವಾಸ್ಯೆ ಆಗಲಿ, ಹೊಸಬರು ಬರಲಿ. ಅಮ್ಮನ ಆಪರೇಷನ್ನಿಗೆ ಅಂತ ಇಟ್ಟುಕೊಂಡಿದ್ದ ಲೆಕ್ಕ ಅದು. ಆ ಮನೆಯಲ್ಲಿ ಆರು ವರ್ಷ ಒಂದು ತಿಂಗಳೂ ಬಾಡಿಗೆ ತಪ್ಪಿಸಿರಲಿಲ್ಲ.

ಬಣ್ಣದ ವಿಷಯ. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಬಣ್ಣಕ್ಕೆ ಅಂತ ಹಿಡಿಯುವುದು ಎಲ್ಲ ಕಡೆ ಇದೆ. ಸರಿ, ಮುಂಚೆ ಹೇಳಿದ್ದರೆ ಒಪ್ಪೋಣ. ಆದರೆ ಆರು ವರ್ಷದಲ್ಲಿ ಬಣ್ಣ ಹೇಗಿದ್ದರೂ ಮಾಸುತ್ತೆ ಅಲ್ವಾ? ನೀವೇ ಇದ್ದರೂ ಮಾಸುತ್ತೆ. ಮಾಸಿದ್ದಕ್ಕೂ ದುಡ್ಡು, ಮೊಳೆ ಹೊಡೆದಿದ್ದಕ್ಕೂ ದುಡ್ಡು ಅಂದರೆ ಹೇಗೆ? ಫ್ರಿಜ್ ಹಿಂದೆ ಗೋಡೆ ಕಪ್ಪಾಗಿರುವುದು ಬೇರೆ, ಟಿ.ವಿ. ಹಾಕಲು ಡ್ರಿಲ್ ಮಾಡಿ ಗೋಡೆ ಕಿತ್ತಿರುವುದು ಬೇರೆ. ಮೊದಲನೆಯದು ವಾಸ ಮಾಡಿದ ಗುರುತು. ಎರಡನೆಯದು ಹಾಳು ಮಾಡಿದ್ದು. ಎರಡನೆಯದಕ್ಕೆ ಮಾತ್ರ ಹಿಡಿಯಿರಿ.

ಮತ್ತೆ ದಯವಿಟ್ಟು ಹೇಳದೆ ಕೇಳದೆ ಮನೆಗೆ ಬರಬೇಡಿ ಮೇಡಂ. ಮನೆ ನಿಮ್ಮದೇ. ಆದರೆ ಒಳಗೆ ಸಂಸಾರ ಇರುತ್ತೆ. ಹಿಂದಿನ ದಿನ ಒಂದು ಫೋನ್ ಮಾಡಿ ಬನ್ನಿ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತೆ, ಆಗ ಯಾರ ಮನೆಯಲ್ಲೂ ನಾಲ್ಕೇ ಜನ ಇರಲ್ಲ, ಬೀಗರು ನೆಂಟರು ತುಂಬಿರುತ್ತಾರೆ. ನೀರು ಜಾಸ್ತಿ ಖರ್ಚಾಯಿತು ಅಂತ ಆ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು ಕೇಳುವ ಓನರುಗಳಿದ್ದಾರೆ. ಹಾಗೆ ಮಾಡಬೇಡಿ.

ವಿದ್ಯಾನಗರ ಟೀಚರ್

ಎಷ್ಟೊಂದು ವಿಷಯ! ತುಂಬಾ ಥ್ಯಾಂಕ್ಸ್. ಸಂಪಿನ ಮುಚ್ಚಳಕ್ಕೆ ಬೀಗ ನಾಳೆಯೇ ಮಾಡಿಸುತ್ತೇನೆ. ಅಗ್ರಿಮೆಂಟ್ ಬಗ್ಗೆ ಯಾರಾದರೂ ಹೇಳಿ. ಜೆರಾಕ್ಸ್ ಅಂಗಡಿಯವರು ರೆಡಿ ಇರುವ 11 ತಿಂಗಳಿನದು ಕೊಡುತ್ತೇವೆ, ಹೆಸರು ತುಂಬಿದರೆ ಸಾಕು ಅಂದರು. 11 ತಿಂಗಳೇ ಯಾಕೆ? ನಮ್ಮ ಅತ್ತೆಗೆ ಒಂದು ಭಯ, 12 ವರ್ಷ ಇದ್ದರೆ ಮನೆ ಬಾಡಿಗೆಯವರದ್ದೇ ಆಗುತ್ತೆ ಅಂತ ಯಾರೋ ಹೇಳಿದ್ದಾರಂತೆ.

ದುರ್ಗದ ವಕೀಲೆ

ಅತ್ತೆಯವರಿಗೆ ಧೈರ್ಯ ಹೇಳಿ. 12 ವರ್ಷದ ಮಾತು ಬರುವುದು 1963ರ ಕಾಲಮಿತಿ ಕಾಯ್ದೆಯಿಂದ. ಅದು ಮಾಲೀಕನ ಹಕ್ಕನ್ನೇ ಒಪ್ಪದೆ, ಎಲ್ಲರಿಗೂ ಕಾಣುವ ಹಾಗೆ, ತನ್ನದೇ ಅಂತ ಜಾಗ ಹಿಡಿದು ಕೂತವರ ವಿಷಯ. ಬಾಡಿಗೆದಾರ ನಿಮ್ಮ ಒಪ್ಪಿಗೆಯಿಂದ ಬಂದವರು. ನಿಮಗೆ ಬಾಡಿಗೆ ಕೊಡುತ್ತಾರೆ ಅಂದರೆ ಮನೆ ನಿಮ್ಮದು ಅಂತ ಪ್ರತಿ ತಿಂಗಳೂ ಒಪ್ಪಿಕೊಂಡ ಹಾಗೆ. ಎಷ್ಟು ವರ್ಷ ಬಾಡಿಗೆಗೆ ಇದ್ದರೂ ಅಷ್ಟರಿಂದಲೇ ಮನೆ ಅವರದ್ದಾಗುವುದಿಲ್ಲ. ಅದಕ್ಕೇ ಹೇಳುವುದು, ಕಾಗದ ಇರಲಿ, ಬಾಡಿಗೆ ಬ್ಯಾಂಕ್ ಮೂಲಕವೇ ಬರಲಿ.

11 ತಿಂಗಳು ಯಾಕೆ ಅಂದರೆ, 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಒಂದು ವರ್ಷದ ಒಳಗಿದ್ದರೆ ಕಡ್ಡಾಯ ಇಲ್ಲ. ಅಷ್ಟೇ ಕಾರಣ. ಆದರೆ 11 ತಿಂಗಳು ಮುಗಿದ ಮೇಲೆ ಹೊಸದು ಮಾಡಿಸಿ. ತುಂಬಾ ಜನ ಮೊದಲ ವರ್ಷ ಮಾಡಿಸಿ ಆಮೇಲೆ ಸುಮ್ನೆ ಇದ್ದುಬಿಡುತ್ತಾರೆ.

ಬಾಡಿಗೆ ಕಾಯ್ದೆ ಅಂದ ಕೂಡಲೇ ಜನ ಹೆದರುತ್ತಾರೆ. ನಮ್ಮ ರಾಜ್ಯದ್ದು 1999ರ ಕಾಯ್ದೆ, ಜಾರಿಗೆ ಬಂದಿದ್ದು 2001ರ ಕೊನೆಗೆ. ಅದರಲ್ಲಿ ಬಾಡಿಗೆಗೆ ಒಂದು ಮಿತಿ ಇದೆ, ಪ್ರದೇಶ ನೋಡಿಕೊಂಡು ತಿಂಗಳಿಗೆ 3,500 ಅಥವಾ 2,000 ರೂಪಾಯಿ. ಅದಕ್ಕಿಂತ ಜಾಸ್ತಿ ಇರುವ ಮನೆಗಳು ಅದರ ಹೊರಗೆ. ನಿಮ್ಮ 9,000ದ ಮನೆಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ನೀವು ಬರೆದುಕೊಂಡ ಕರಾರು. ಕರಾರಿನಲ್ಲಿ ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಸಾಕು ಅನ್ನುತ್ತೆ ಕಾಯ್ದೆ. 15 ದಿನದಲ್ಲಿ ಮಕ್ಕಳಿರುವ ಸಂಸಾರ ಎಲ್ಲಿಗೆ ಹೋಗಬೇಕು? ಎರಡೂ ಕಡೆಯಿಂದ ಎರಡು ತಿಂಗಳು ಅಂತ ಬರೆಯಿರಿ.

ಕೆ.ಟಿ.ಜೆ. ನಗರದವರು ಹೇಳಿದ ಬಣ್ಣದ ಮಾತಿಗೆ ಕಾಯ್ದೆಯೂ ಅವರ ಪರವೇ ಇದೆ. ಮನೆಯನ್ನು ತೆಗೆದುಕೊಂಡಾಗ ಇದ್ದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಆದರೆ ಬಳಕೆಯಿಂದ ಸಹಜವಾಗಿ ಸವೆದಿದ್ದಕ್ಕೆ ಬಾಡಿಗೆದಾರ ಹೊಣೆ ಅಲ್ಲ ಅಂತ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್‌ನಲ್ಲಿದೆ. ಅಲ್ಲೇ ಇನ್ನೊಂದಿದೆ. ಮಾಲೀಕರು ಮಾಡಿಸಬೇಕಾದ ರಿಪೇರಿ ತಿಳಿಸಿದ ಮೇಲೂ ಮಾಡಿಸದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಓನರುಗಳಿಗೆ ಇದು ಗೊತ್ತಿರಲ್ಲ.

ಕೊನೆಗೆ ಗಟ್ಟಿಯಾಗಿ ಹೇಳುವುದು ಇದು. ಬಾಡಿಗೆ ಬಾಕಿ ಇದೆ ಅಂತ ಕರೆಂಟ್ ತೆಗೆಯುವುದು, ನೀರು ನಿಲ್ಲಿಸುವುದು, ಅವರು ಊರಿಗೆ ಹೋದಾಗ ಬೇರೆ ಬೀಗ ಹಾಕುವುದು ಮಾಡಲೇಬೇಡಿ. ಕಾನೂನು ರೀತಿ ಬಿಡಿಸದೆ ಹೊರಗೆ ಹಾಕಿದರೆ ಅವರು ಆರು ತಿಂಗಳ ಒಳಗೆ ಕೋರ್ಟಿಗೆ ಹೋಗಿ ಸ್ವಾಧೀನ ವಾಪಸ್ ಪಡೆಯಬಹುದು, ಆ ಕೇಸಿನಲ್ಲಿ ಮನೆ ಯಾರದ್ದು ಅನ್ನುವ ಪ್ರಶ್ನೆಯೇ ಬರಲ್ಲ. ನೋಟಿಸ್ ಕೊಡಿ, ಕಾಯಿರಿ, ಆಗದಿದ್ದರೆ ದಾವೆ ಹಾಕಿ. ತಡ ಆಗುತ್ತೆ ನಿಜ. ದಾರಿ ಅದೊಂದೇ.

ಹಳೇಪೇಟೆ

ಇಷ್ಟೆಲ್ಲ ಯಾಕೆ? ಮೊದಲು ಯಾವ ಜನ ಅಂತ ಕೇಳಿ. ನಮ್ಮವರಿಗೇ ಕೊಟ್ಟರೆ ತೊಂದರೆ ಇರಲ್ಲ.

ಬಿ ಬ್ಲಾಕ್ ಹಳಬ

ತಮ್ಮಾ, ಈ ಮಾತು ನಾನು ಒಪ್ಪಲ್ಲ. ನಮ್ಮ ಮೇಲಿನ ಮನೆಗಳಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇದ್ದು ಹೋಗಿದ್ದಾರೆ. ಬಾಡಿಗೆ ಬಾಕಿ ಉಳಿಸಿ ರಾತ್ರಿ ಖಾಲಿ ಮಾಡಿದವನು ನಮ್ಮವನೇ. ನನ್ನ ಹೆಂಡತಿಗೆ ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡಾಗ ಕಾರು ತೆಗೆದು ಬಾಪೂಜಿ ಆಸ್ಪತ್ರೆಗೆ ಕರೆದುಕೊಂಡು ಹೋದವರು ಮೇಲಿನ ಮನೆಯ ಸಾಬರು. ಅವರ ಮಕ್ಕಳು ಇವತ್ತಿಗೂ ಅವಳನ್ನು ಅಜ್ಜಿ ಅಂತಲೇ ಕರೆಯುತ್ತಾರೆ.

ಕೇಳಬೇಕಾದ್ದು ಬೇರೆ ಇದೆ. ಎಲ್ಲಿ ಕೆಲಸ, ಹಿಂದಿನ ಮನೆ ಯಾಕೆ ಬಿಟ್ಟಿರಿ, ಹಿಂದಿನ ಓನರ್ ಫೋನ್ ನಂಬರ್ ಕೊಡುತ್ತೀರಾ. ಆ ಓನರಿಗೆ ಫೋನ್ ಮಾಡಿ ಬಾಡಿಗೆ ಸರಿಯಾಗಿ ಕೊಡುತ್ತಿದ್ದರಾ, ಅಕ್ಕಪಕ್ಕ ಹೇಗಿದ್ದರು ಅಂತ ಎರಡೇ ಪ್ರಶ್ನೆ ಕೇಳಿದರೆ ಎಲ್ಲ ಗೊತ್ತಾಗುತ್ತೆ. ಆಧಾರ್ ನಕಲು ತೆಗೆದುಕೊಳ್ಳಿ, ಫೋಟೋ ತೆಗೆದುಕೊಳ್ಳಿ, ಹತ್ತಿರದ ಪೊಲೀಸ್ ಠಾಣೆಗೆ ಬಾಡಿಗೆದಾರರ ವಿವರ ಕೊಟ್ಟು ಬನ್ನಿ. ಜಾತಿ ಕೇಳಿ ಇದರಲ್ಲಿ ಯಾವುದೂ ಗೊತ್ತಾಗಲ್ಲ.

ಹೊಸದುರ್ಗ ಹುಡುಗ

ನಾನು ದಾವಣಗೆರೆಯಲ್ಲೇ ಇಂಜಿನಿಯರಿಂಗ್ ಓದಿದ್ದು. ಹುಡುಗರು ಅಂದ ಕೂಡಲೇ ಬಾಗಿಲು ಹಾಕಬೇಡಿ ಮೇಡಂ. ನಮಗೆ ಮನೆ ಸಿಗುವುದೇ ಕಷ್ಟ ಆಗಿತ್ತು. ಆಂಜನೇಯ ಬಡಾವಣೆಯಲ್ಲಿ ಒಬ್ಬ ಆಂಟಿ ನಂಬಿ ಕೊಟ್ಟರು, ಅವರ ಮೇಲಿನ ಗೌರವಕ್ಕೇ ನಾವು ಮನೆ ಚೆನ್ನಾಗಿ ಇಟ್ಟುಕೊಂಡೆವು.

ಅವರು ಮಾಡಿದ್ದು ಇಷ್ಟು. ನಾಲ್ಕೂ ಜನರ ಅಪ್ಪಂದಿರ ಜೊತೆ ಫೋನಿನಲ್ಲಿ ಮಾತಾಡಿದರು. ಒಂದೇ ಅಗ್ರಿಮೆಂಟಿಗೆ ನಾಲ್ಕೂ ಜನರ ಸಹಿ, ಒಬ್ಬ ಬಿಟ್ಟು ಹೋದರೂ ಉಳಿದವರು ಪೂರ್ತಿ ಬಾಡಿಗೆ ಕೊಡಬೇಕು ಅಂತ. ಐದನೆಯವನು ಬಂದು ಸೇರಿಕೊಳ್ಳುವ ಹಾಗಿಲ್ಲ. ಬೈಕ್ ಕಾಂಪೌಂಡ್ ಒಳಗೇ ನಿಲ್ಲಬೇಕು, ರಾತ್ರಿ ಹತ್ತರ ಮೇಲೆ ತಾರಸಿ ಮೇಲೆ ಗಲಾಟೆ ಇಲ್ಲ. ಸೆಮಿಸ್ಟರ್ ರಜೆಯಲ್ಲಿ ಮನೆ ಖಾಲಿ ಇದ್ದರೂ ಬಾಡಿಗೆ ಬರಬೇಕು ಅಂತ ಮೊದಲೇ ಹೇಳಿದ್ದರು, ಅದು ಮುಖ್ಯ, ಯಾಕಂದರೆ ರಜೆ ತಿಂಗಳು ಬಾಡಿಗೆ ಯಾಕೆ ಅಂತ ಹುಡುಗರು ಕೇಳೇ ಕೇಳುತ್ತಾರೆ.

ಆದರೆ ಒಂದು ಮಾತು. ಆ ಆಂಟಿ ಕೆಳಗೇ ಇದ್ದರು. ನೀವು ಊರಲ್ಲಿರಲ್ಲ. ಅದನ್ನು ಯೋಚನೆ ಮಾಡಿ.

ಲೆಕ್ಕದಕ್ಕ

ಹಣದ ಲೆಕ್ಕ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ತೆರಿಗೆ ಕೆಲಸ ಮಾಡಿಕೊಡುತ್ತೇನೆ, ಹಾಗಾಗಿ ಇದು ದಿನಾ ನೋಡುವ ವಿಷಯ.

ಬಾಡಿಗೆ ಆದಾಯವನ್ನು ರಿಟರ್ನ್‌ನಲ್ಲಿ ತೋರಿಸಬೇಕು. ವರ್ಷಕ್ಕೆ 1,08,000 ಬಂತು ಅನ್ನಿ. ಅದರಲ್ಲಿ ನೀವು ಮಹಾನಗರ ಪಾಲಿಕೆಗೆ ಕಟ್ಟಿದ ಕಂದಾಯ ಕಳೆಯಿರಿ. ಉಳಿದಿದ್ದರಲ್ಲಿ 30 ಪರ್ಸೆಂಟ್ ರಿಪೇರಿ, ನಿರ್ವಹಣೆ ಅಂತ ಹಾಗೇ ಕಳೆಯಬಹುದು, ಬಿಲ್ ಬೇಕಿಲ್ಲ, ನೀವು ನಿಜಕ್ಕೂ ಎಷ್ಟು ಖರ್ಚು ಮಾಡಿದಿರಿ ಅಂತ ಯಾರೂ ಕೇಳಲ್ಲ. ಗೃಹಸಾಲದ ಬಡ್ಡಿಯನ್ನೂ ಕಳೆಯಬಹುದು. ಬಡ್ಡಿ ಜಾಸ್ತಿ ಆಗಿ ನಷ್ಟ ಬಂದರೆ ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿ 2 ಲಕ್ಷದವರೆಗೆ ಸಂಬಳದ ಆದಾಯದಲ್ಲಿ ಹೊಂದಿಸಿಕೊಳ್ಳಬಹುದು, ಹೊಸ ಪದ್ಧತಿಯಲ್ಲಿ ಆಗಲ್ಲ. ಯಾವುದು ಲಾಭ ಅಂತ ಲೆಕ್ಕ ಹಾಕಿಸಿ ಆರಿಸಿಕೊಳ್ಳಿ.

ಬ್ಯಾಂಕ್ ನೌಕರರಿಗೆ ಕೊಟ್ಟರೆ ಅವರು ಎಚ್.ಆರ್.ಎ. ಅಂದರೆ ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿಗೆ ನಿಮ್ಮ ಪ್ಯಾನ್ ನಂಬರ್ ಕೇಳಬಹುದು. ವರ್ಷಕ್ಕೆ ಬಾಡಿಗೆ 1 ಲಕ್ಷ ಮೀರಿದರೆ ಅವರು ಅದನ್ನು ತಮ್ಮ ಆಫೀಸಿಗೆ ಕೊಡಲೇಬೇಕು. ಕೆಲವು ಓನರುಗಳು ಪ್ಯಾನ್ ಕೊಡಲ್ಲ ಅಂತ ಹಟ ಮಾಡುತ್ತಾರೆ. ಕೊಡಿ. ಆದಾಯ ತೋರಿಸುವವರಿಗೆ ಇದರಲ್ಲಿ ಭಯ ಏನಿದೆ?

ಪಾಲಿಕೆ ಕಂದಾಯ ಏಪ್ರಿಲ್‌ನಲ್ಲೇ ಕಟ್ಟಿದರೆ 5 ಪರ್ಸೆಂಟ್ ರಿಯಾಯಿತಿ. ಜೂನ್ ದಾಟಿದರೆ ತಿಂಗಳಿಗೆ 2 ಪರ್ಸೆಂಟ್ ದಂಡ. ಕಂದಾಯ ಮಾಲೀಕರೇ ಕಟ್ಟುವುದು, ನೀರಿನ ಬಿಲ್ಲು ಕರೆಂಟ್ ಬಿಲ್ಲು ಬಾಡಿಗೆದಾರರು ಕಟ್ಟುವುದು ಅಂತ ಅಗ್ರಿಮೆಂಟಿನಲ್ಲಿ ಬರೆದುಬಿಡಿ. ವರ್ಷಕ್ಕೆ 5 ಪರ್ಸೆಂಟ್ ಜಾಸ್ತಿ ಅಂದರೆ 9,000 ಹೋಗಿ 9,450 ಆಗುತ್ತೆ. ಅದನ್ನೂ ಅಂಕಿಯಲ್ಲೇ ಬರೆಯಿರಿ, ಆಗಿನ ಬೆಲೆಗೆ ತಕ್ಕಂತೆ ಅಂತ ಬರೆಯಬೇಡಿ.

ವಿದ್ಯಾನಗರ ಟೀಚರ್

ಕರೆಂಟ್ ವಿಷಯ ಯಾರಾದರೂ ಹೇಳಿ. ಗೃಹಜ್ಯೋತಿ ನನ್ನ ಆಧಾರ್‌ಗೆ ಇದೆ. ಅವರು ಬಂದ ಮೇಲೆ ಏನು ಮಾಡಬೇಕು? ಟೈಲರಿಂಗ್‌ನವರಿಗೆ ಕೊಟ್ಟರೆ ತೊಂದರೆನಾ?

ಬಿ ಬ್ಲಾಕ್ ಹಳಬ

ಇದು ಈಗ ಎಲ್ಲ ಬಾಡಿಗೆ ಮನೆಯಲ್ಲೂ ತಲೆನೋವು, ಹಾಗಾಗಿ ನಿಧಾನವಾಗಿ ಓದಿ.

ಗೃಹಜ್ಯೋತಿ 2023ರ ಆಗಸ್ಟ್‌ನಿಂದ ಇದೆ. ಬಾಡಿಗೆದಾರರಿಗೂ ಸಿಗುತ್ತೆ. ಅವರ ಆಧಾರ್ ನಿಮ್ಮ ಮನೆಯ ಕರೆಂಟ್ ಖಾತೆಗೆ ಜೋಡಣೆ ಆಗಬೇಕು. ನಿಮ್ಮ ಆಧಾರ್ ಅದಕ್ಕೆ ಅಂಟಿಕೊಂಡಿದ್ದರೆ ನೀವು ದುರ್ಗದಲ್ಲಿ ಬಾಡಿಗೆ ಮನೆ ಮಾಡಿದಾಗ ಅಲ್ಲಿ ನಿಮಗೆ ಸಿಗಲ್ಲ, ಇಲ್ಲಿ ಅವರಿಗೂ ಸಿಗಲ್ಲ. ಹಾಗಾಗಿ ಮೊದಲು ರಾಜ್ಯ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ನಿಮ್ಮ ಜೋಡಣೆ ಬಿಡಿಸಿಕೊಳ್ಳಿ. ಆಮೇಲೆ ಅವರು ಬಾಡಿಗೆ ಕರಾರು ಇಟ್ಟುಕೊಂಡು ನೋಂದಣಿ ಮಾಡಿಸುತ್ತಾರೆ. ಅವರು ಖಾಲಿ ಮಾಡುವಾಗಲೂ ಇದೇ. ಅಡ್ವಾನ್ಸ್ ಕೈಗೆ ಕೊಡುವ ಮುಂಚೆ ಅವರ ಆಧಾರ್ ಬಿಡಿಸಿಕೊಂಡಿದ್ದಾರಾ ನೋಡಿ. ಇಲ್ಲದಿದ್ದರೆ ಮುಂದೆ ಬರುವವರು ಬೆಸ್ಕಾಂ ಕಚೇರಿಗೆ ಅಲೆಯಬೇಕು.

200 ಯೂನಿಟ್ ಎಲ್ಲರಿಗೂ ಫ್ರೀ ಅಂತ ತಿಳಿದಿರುತ್ತಾರೆ, ಹಾಗಲ್ಲ. ಹಿಂದಿನ ಬಳಕೆಯ ಸರಾಸರಿ ನೋಡಿ ಅದರ ಮೇಲೆ ಸ್ವಲ್ಪ ಸೇರಿಸಿ ಮಿತಿ ಹಾಕುತ್ತಾರೆ. ಹೊಸದಾಗಿ ಬಂದ ಬಾಡಿಗೆದಾರರಿಗೆ 53 ಯೂನಿಟ್ ಮತ್ತು ಅದರ 10 ಪರ್ಸೆಂಟ್, ಅಂದರೆ 58ರ ಆಸುಪಾಸು. ಅದಕ್ಕಿಂತ ಜಾಸ್ತಿ ಆದರೆ ಜಾಸ್ತಿ ಆದಷ್ಟಕ್ಕೆ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್. ಇದನ್ನು ಅವರಿಗೆ ಮುಂಚೆ ಹೇಳಿ. ಇಲ್ಲದಿದ್ದರೆ ಮೊದಲ ಬಿಲ್ ಬಂದಾಗ ಓನರ್ ಏನೋ ಮಾಡಿದ್ದಾರೆ ಅಂದುಕೊಳ್ಳುತ್ತಾರೆ.

ಈಗ ನಿಮ್ಮ ಮೇಲಿನ ರೂಮು. ಒಂದೇ ಮೀಟರಿನಲ್ಲಿ ನೀವು ರಜೆಗೆ ಬಂದು ಗೀಸರ್ ಹಾಕಿದರೆ ಆ ಯೂನಿಟ್ ಅವರ ಲೆಕ್ಕಕ್ಕೆ ಬೀಳುತ್ತೆ. ಎರಡು ದಿನಕ್ಕೆ ಏನು ಮಹಾ ಅಂತ ನಿಮಗೆ ಅನ್ನಿಸುತ್ತೆ, ಬಿಲ್ಲು ಕಟ್ಟುವವರಿಗೆ ಹಾಗೆ ಅನ್ನಿಸಲ್ಲ. ಮೇಲಿನ ರೂಮಿಗೆ ಬೇರೆ ಮೀಟರ್ ಹಾಕಿಸಿ. ಆಗುವವರೆಗೆ ಎಲೆಕ್ಟ್ರಿಷಿಯನ್ ಹತ್ತಿರ ಒಂದು ಸಬ್ ಮೀಟರ್ ಹಾಕಿಸಿ, ಬಂದ ದಿನ ಹೋದ ದಿನ ರೀಡಿಂಗ್ ಇಬ್ಬರೂ ನೋಡಿ, ಆ ದುಡ್ಡು ಅವರಿಗೆ ಕೊಟ್ಟುಬಿಡಿ.

ಟೈಲರಿಂಗ್ ಬಗ್ಗೆ. ಮನೆಯಲ್ಲಿ ಒಂದು ಮಿಷನ್ ಇಟ್ಟುಕೊಂಡು ಅಕ್ಕಪಕ್ಕದವರ ಬ್ಲೌಸ್ ಹೊಲಿಯುವುದು ಒಂದು. ಬೋರ್ಡ್ ಹಾಕಿ, ನಾಲ್ಕು ಮಿಷನ್ ಇಟ್ಟು, ಕೆಲಸದವರನ್ನು ಕೂರಿಸುವುದು ಇನ್ನೊಂದು. ಎರಡನೆಯದು ಅಂಗಡಿ, ಅದಕ್ಕೆ ಕರೆಂಟ್ ದರವೂ ಬೇರೆ, ಗೃಹಜ್ಯೋತಿಯೂ ಇಲ್ಲ. ಯಾವುದು ಅಂತ ಬಾಯಿಬಿಟ್ಟು ಕೇಳಿ. ಮೊದಲನೆಯದಾದರೆ ಒಳ್ಳೆಯ ಜನವೇ ಇರಬಹುದು, ದುಡಿದು ತಿನ್ನುವವರು, ದಿನಪೂರ್ತಿ ಮನೆಯಲ್ಲಿ ಜನ ಇರುತ್ತಾರೆ.

ನಿಟುವಳ್ಳಿ ನಲ್ಲಿ ಕೆಲಸ

ಮೀಟರ್ ಮಾತು ಬಂತಲ್ಲ, ಕೀಲಿ ಕೊಡುವ ದಿನ ಕರೆಂಟ್ ಮೀಟರ್, ನೀರಿನ ಮೀಟರ್ ಎರಡರ ಫೋಟೋ ತೆಗೆಯಿರಿ ಅಕ್ಕಾ. ಆಮೇಲೆ ಫೋನ್ ಹಿಡಿದು ಬಾಗಿಲಿನಿಂದ ಹಿಡಿದು ಒಂದೊಂದು ರೂಮೂ ವಿಡಿಯೋ ಮಾಡಿ, ಬಾಡಿಗೆಯವರೂ ಜೊತೆಗೇ ನಡೆಯಲಿ. ಸಿಂಕ್ ಕೆಳಗಿನ ಬಾಗಿಲು ತೆಗೆದು ಒಳಗೂ ತೋರಿಸಿ. ಅಲ್ಲಿ ಪ್ಲೈವುಡ್ ನೀರು ಕುಡಿದು ಉಬ್ಬಿರುತ್ತೆ, ಯಾರೂ ನೋಡಿರಲ್ಲ, ಹೋಗುವಾಗ ಅದೇ ಜಗಳ. ಕಿಟಕಿ ಗಾಜು, ಬಾಗಿಲ ಚಿಲಕ, ಫ್ಯಾನ್ ಎಷ್ಟು, ಬಲ್ಬ್ ಎಷ್ಟು, ಕೀಲಿ ಎಷ್ಟು ಎಲ್ಲ ಜೋರಾಗಿ ಹೇಳುತ್ತಾ ಹೋಗಿ. ಆ ವಿಡಿಯೋ ಅಲ್ಲೇ ನಿಂತು ಅವರಿಗೂ ಕಳಿಸಿ. ಇಬ್ಬರ ಹತ್ತಿರವೂ ಒಂದೇ ಇದ್ದರೆ ನಾಳೆ ಯಾರೂ ಮಾತು ಬದಲಾಯಿಸಲ್ಲ.

ಕೆ.ಟಿ.ಜೆ. ನಗರ ಬಾಡಿಗೆದಾರ

ಇದು ಬಾಡಿಗೆದಾರರಿಗೂ ರಕ್ಷಣೆ. ಹಾಗೆಯೇ ಆಧಾರ್ ನಕಲು ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಟ್ಟರೆ ತಪ್ಪು ತಿಳಿಯಬೇಡಿ. ಅದು ಸರ್ಕಾರದ ವೆಬ್‌ಸೈಟಿನಲ್ಲೇ ಸಿಗುವುದು. ನಮ್ಮ ಆಧಾರ್ ಜೆರಾಕ್ಸ್ ಅಂಗಡಿ, ಬ್ರೋಕರ್, ಓನರ್ ಅಂತ ಎಲ್ಲೆಲ್ಲೋ ಬಿದ್ದಿರುತ್ತೆ.

ವಿದ್ಯಾನಗರ ಟೀಚರ್

ಬ್ಯಾಂಕಿನವರ ಹಿಂದಿನ ಓನರ್ ಜೊತೆ ಇವತ್ತು ಮಾತಾಡಿದೆ. ತುಂಬಾ ಒಳ್ಳೆ ಮಾತು ಹೇಳಿದರು. ಅವರಿಗೆ ಕೊಡಬೇಕು ಅಂತ ಅಂದುಕೊಂಡಿದ್ದೇನೆ. ಹುಡುಗರಿಗೆ ಇಲ್ಲ ಅನ್ನಲು ಬೇಜಾರಾಯಿತು, ಆದರೆ ನಾನು ಊರಲ್ಲಿರಲ್ಲ ಅನ್ನುವ ಮಾತು ಸರಿ ಅನ್ನಿಸಿತು. ಟೈಲರಿಂಗ್‌ನವರದ್ದು ಕೇಳಿದೆ, ಐದು ಮಿಷನ್ ಅಂತೆ. ಪಕ್ಕದ ಬೀದಿಯಲ್ಲಿ ಒಂದು ಮಳಿಗೆ ಖಾಲಿ ಇದೆ, ಅದರ ನಂಬರ್ ಕೊಟ್ಟು ಕಳಿಸಿದೆ.

ಒಂದು ಹೊಸ ವಿಷಯ. ಬ್ಯಾಂಕಿನವರು ಕೇಳುತ್ತಿದ್ದಾರೆ, ತಿಂಗಳ ಬಾಡಿಗೆ ಬೇಡ, ಒಟ್ಟಿಗೆ ಒಂದು ಮೊತ್ತ ಕೊಡುತ್ತೇವೆ, ಮೂರು ವರ್ಷಕ್ಕೆ ಲೀಸ್ ಹಾಕಿಕೊಡಿ, ಹೋಗುವಾಗ ಅಷ್ಟೂ ವಾಪಸ್ ಕೊಡಿ ಅಂತ. ಸಾಲದ ಒಂದು ಭಾಗ ತೀರಿಸಬಹುದು ಅಂತ ನನಗೂ ಆಸೆ ಆಯಿತು.

ಹಿರಿಯೂರು ಮನೆ

ಮೇಡಂ ಬೇಡ. ಹಿರಿಯೂರಿನಲ್ಲಿ ನಮ್ಮ ದೊಡ್ಡಪ್ಪ ಹೀಗೇ 5 ಲಕ್ಷಕ್ಕೆ ಲೀಸ್ ಹಾಕಿ, ಆ ದುಡ್ಡಿನಲ್ಲಿ ಮೇಲೆ ಒಂದು ಮನೆ ಕಟ್ಟಿದರು. ಮೂರು ವರ್ಷ ಮುಗಿಯಿತು, ಅವರು ಹೊರಟರು. 5 ಲಕ್ಷ ಎಲ್ಲಿಂದ? ಹೊಸ ಲೀಸಿನವರು ಬಂದರೇ ಕೊಡಬೇಕು, ಬಂದವರು 4ಕ್ಕೆ ಕೇಳುತ್ತಾರೆ. ಆ 1 ಲಕ್ಷಕ್ಕೆ ದೊಡ್ಡಮ್ಮನ ಸರ ಬ್ಯಾಂಕಿಗೆ ಹೋಯಿತು. ಇನ್ನೂ ಬಿಡಿಸಿಲ್ಲ.

ದುರ್ಗದ ವಕೀಲೆ

ಹಿರಿಯೂರಿನವರು ಹೇಳಿದ್ದು ನನ್ನ ಹತ್ತಿರ ಬರುವ ಎಷ್ಟೋ ಕೇಸುಗಳ ಕಥೆ. ಇನ್ನೂ ಎರಡು ಅಂಶ ಸೇರಿಸುತ್ತೇನೆ.

ಮೂರು ವರ್ಷದ್ದು ಅಂದ ಮೇಲೆ ಅದು ನೋಂದಣಿ ಆಗಲೇಬೇಕು. ನೂರು ರೂಪಾಯಿ ಛಾಪಾ ಕಾಗದದಲ್ಲಿ ಬರೆದುಕೊಂಡರೆ ನಿಮಗೂ ಗಟ್ಟಿ ಇಲ್ಲ, ಅಷ್ಟು ದುಡ್ಡು ಕೊಟ್ಟವರಿಗೂ ಗಟ್ಟಿ ಇಲ್ಲ. ಎರಡನೆಯದು, ನಿಮ್ಮ ಮನೆ ಪತ್ರ ಬ್ಯಾಂಕಿನಲ್ಲಿ ಅಡಮಾನ ಇದೆ. ಸಾಲದ ಕರಾರು ತೆಗೆದು ಓದಿ, ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಹೀಗೆ ಕೊಡುವ ಹಾಗಿಲ್ಲ ಅಂತ ಸಾಮಾನ್ಯವಾಗಿ ಇರುತ್ತೆ. ತಿಂಗಳ ಬಾಡಿಗೆಗೂ ಒಂದು ಸಲ ಬ್ಯಾಂಕಿಗೆ ತಿಳಿಸಿಬಿಡಿ. ಅವರು ಬ್ಯಾಂಕ್ ನೌಕರರೇ ಅಲ್ವಾ, ಹೀಗೆ ಅಂತ ಹೇಳಿದರೆ ಅವರಿಗೇ ಅರ್ಥ ಆಗುತ್ತೆ.

ಸಾಲ ತೀರಿಸುವ ಆಸೆ ಸಹಜ. ಆದರೆ ಆ ದುಡ್ಡು ಸಾಲಕ್ಕೆ ಹೋದ ಮೇಲೆ ಮೂರು ವರ್ಷಕ್ಕೆ ವಾಪಸ್ ಕೊಡುವುದಕ್ಕೆ ಇನ್ನೊಂದು ಸಾಲ ಮಾಡಬೇಕಾಗುತ್ತೆ. ತಿಂಗಳಿಗೆ 9,000 ಬಂದರೆ ಅದನ್ನೇ ನೇರ ಕಂತಿಗೆ ಹಾಕಿ.

ಬಿ ಬ್ಲಾಕ್ ಹಳಬ

ವಕೀಲರು ಹೇಳಿದ ಹಾಗೆ ಮಾಡಿ. ಅವರಿಗೆ ಲೀಸ್ ಬೇಡ, ಬಾಡಿಗೆಗೆ ಬನ್ನಿ, ಬೇಕಾದರೆ ಅಡ್ವಾನ್ಸ್ 50,000 ಬದಲು 30,000 ಕೊಡಿ ಅಂತ ಹೇಳಿ ನೋಡಿ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಮೀರಿ ಅಡ್ವಾನ್ಸ್ ತೆಗೆದುಕೊಳ್ಳಬಾರದು ಅಂತಲೇ ಇದೆ. ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾಯ್ದೆ ಮಾಡಿಕೊಂಡರೆ ಜಾರಿ. ಆದರೆ ಆ ಲೆಕ್ಕ ನ್ಯಾಯವಾಗಿದೆ ಅಂತ ನನಗೆ ಅನ್ನಿಸುತ್ತೆ. ನಾನು ಈಗ ಮೂರು ತಿಂಗಳಿನದೇ ತೆಗೆದುಕೊಳ್ಳುವುದು.

ವಿದ್ಯಾನಗರ ಟೀಚರ್

ಅವರಿಗೆ ಫೋನ್ ಮಾಡಿ ಹೇಳಿದೆ. ಲೀಸ್ ಬೇಡ, 9,000 ಬಾಡಿಗೆ, 30,000 ಅಡ್ವಾನ್ಸ್ ಅಂತ ಒಪ್ಪಿದರು. ಭಾನುವಾರ ಬರುತ್ತಾರೆ, ವಿಡಿಯೋ ಅವತ್ತೇ ಮಾಡುತ್ತೇವೆ. ನೋಟಿಸ್ ಎರಡು ತಿಂಗಳು, 500ರ ಒಳಗಿನ ರಿಪೇರಿ ಅವರೇ ಮಾಡಿಸುವುದು, ಬಣ್ಣಕ್ಕೆ ಮೂರು ವರ್ಷದ ಒಳಗೆ ಬಿಟ್ಟರೆ ಮಾತ್ರ ಅರ್ಧ ತಿಂಗಳ ಬಾಡಿಗೆ ಅಂತ ಬರೆಸುತ್ತಿದ್ದೇನೆ. ಅಡ್ವಾನ್ಸ್ ವಾಪಸ್ಸಿಗೆ ಎಷ್ಟು ದಿನ ಅಂತ ಹಾಕಿಸಲಿ?

ಕೆ.ಟಿ.ಜೆ. ನಗರ ಬಾಡಿಗೆದಾರ

ಕೀಲಿ ವಾಪಸ್ ಕೊಟ್ಟ ದಿನವೇ ಅಂತ ಹಾಕಿಸಿ ಮೇಡಂ. ಕೊನೆಯ ಕರೆಂಟ್ ಬಿಲ್ ಬರುವವರೆಗೆ 1,000 ಹಿಡಿದಿಟ್ಟುಕೊಳ್ಳಿ, ಉಳಿದ 29,000 ಅಲ್ಲೇ ನಿಂತು ಫೋನಿನಲ್ಲೇ ಕಳಿಸಿಬಿಡಿ.